ಕಿವಿಮಾತು: ಹಾಡು ತಾನೇ ಬರುತ್ತದೆ, ಮಾತು ಯಾಕೆ ಬರುವುದಿಲ್ಲ?

ಕಳೆದ ತಿಂಗಳು ಈ ಅಂಕಣದ ಕೊನೆಯಲ್ಲಿ ನಿಮ್ಮನ್ನೊಂದು ಮಾತು ಕೇಳಿದ್ದೆ. ನೀವು ಹಾಡು ಹುಡುಕಿಕೊಳ್ಳುವುದು ಹೇಗೆ, ಪಾಡ್‌ಕಾಸ್ಟ್ ಹುಡುಕಿಕೊಳ್ಳುವುದು ಹೇಗೆ ಅಂತ. ಪಾಡ್‌ಕಾಸ್ಟ್ ಅಂದರೆ ಫೋನಿನಲ್ಲಿ ಬೇಕಾದಾಗ ಹಾಕಿ ಕೇಳುವ, ಸಂಚಿಕೆ ಸಂಚಿಕೆಯಾಗಿ ಬರುವ ಮಾತಿನ ಕಾರ್ಯಕ್ರಮ. ಬಂದ ಪತ್ರಗಳನ್ನು ಮೂರು ರಾತ್ರಿ ಕೂತು ಓದಿದೆ. ಪ್ರೀತಿಯಿಂದ ಬರೆದಿದ್ದೀರಿ, ಉದ್ದುದ್ದ ಬರೆದಿದ್ದೀರಿ. ಏಳು ಪತ್ರಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ. ಹೆಸರು ಬೇಡ ಎಂದವರೇ ಜಾಸ್ತಿ. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಹಾಸನದಿಂದ ನಿವೃತ್ತ ಶಿಕ್ಷಕರೊಬ್ಬರು: ಫೋನ್‌ನಲ್ಲಿ ಒಂದು ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದರೆ ಸಾಕು, ಆಮೇಲೆ ಬರುವ ಹತ್ತರಲ್ಲಿ ಎಂಟು ನನಗೆ ಇಷ್ಟವಾದವೇ ಆಗಿರುತ್ತವೆ. ಪಾಡ್‌ಕಾಸ್ಟ್‌ನಲ್ಲಿ ಹಾಗಾಗುವುದಿಲ್ಲ. ಪ್ರತಿ ಸಲ ಹೊಸದಾಗಿ ಹುಡುಕಬೇಕು. ಹುಡುಕಿದರೂ ಸಿಗುವುದಿಲ್ಲ. ತಪ್ಪು ನನ್ನದೋ, ಫೋನಿನದೋ?

ಮೇಷ್ಟ್ರೇ, ತಪ್ಪು ನಿಮ್ಮದಲ್ಲ. ನಿಮ್ಮ ಪತ್ರ ಓದುತ್ತಿದ್ದ ಹಾಗೆ ನನಗೆ ನಮ್ಮ ಅಂಗಡಿ ಕಣ್ಣ ಮುಂದೆ ಬಂತು.

ಶಿರಸಿಯಲ್ಲಿ ಅಪ್ಪನಿಗೆ ಒಂದು ಕ್ಯಾಸೆಟ್ ಅಂಗಡಿ ಇತ್ತು. 1988ರಲ್ಲಿ ತೆರೆದದ್ದು, 2003ರಲ್ಲಿ ಮುಚ್ಚಿದ್ದು. ಶಾಲೆ ಬಿಟ್ಟ ಮೇಲೆ ನಾನೂ ಗಲ್ಲಾದ ಪಕ್ಕ ಕೂರುತ್ತಿದ್ದೆ. ಹಾಡು ಕೇಳಿಕೊಂಡು ಬರುವವರಿಗೆ ಬಹಳ ಸಲ ಹಾಡಿನ ಹೆಸರೇ ಗೊತ್ತಿರುತ್ತಿರಲಿಲ್ಲ. ‘ಹುಬ್ಬಳ್ಳಿ ಬಸ್ಸಿನಲ್ಲಿ ಹಾಕಿದ್ರು, ಹೆಣ್ಣು ದನಿ, ನಡುವೆ ಕೊಳಲು ಬರ್ತದೆ’ ಅನ್ನುತ್ತಿದ್ದರು. ಇನ್ನೊಬ್ಬರು ಮದುವೆ ಮನೆಯ ಮೈಕಿನಲ್ಲಿ ಕೇಳಿರುತ್ತಿದ್ದರು, ಮತ್ತೊಬ್ಬರು ಹೋಟೆಲಿನ ರೇಡಿಯೊದಲ್ಲಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಒಂಬತ್ತು ದಿನ ಪೇಟೆಯ ತುಂಬ ಮೈಕು. ಜಾತ್ರೆ ಮುಗಿದ ಮರುದಿನ ನಮ್ಮ ಅಂಗಡಿಗೆ ಜನ ಗುನುಗುತ್ತಲೇ ಬರುತ್ತಿದ್ದರು. ಒಂದು ಸಲ ಒಬ್ಬ ಹುಡುಗ ಬಂದು ಬರೀ ‘ಲಲ್ಲಲಾ’ ಅಂತ ಎರಡು ಸಾಲು ಹೇಳಿ ನಾಚಿ ನಿಂತ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಸ್ಟೂಲ್ ಹತ್ತಿ ಮೇಲಿನ ಸಾಲಿನಿಂದ ಒಂದು ಕ್ಯಾಸೆಟ್ ತೆಗೆದರು. ಪ್ಲೇಯರಿಗೆ ಹಾಕಿ, ಮುಂದೆ ಓಡಿಸಿ, ನಿಲ್ಲಿಸಿ, ಬಿಟ್ಟರು. ಹತ್ತು ಸೆಕೆಂಡ್ ಆಗಿರಲಿಲ್ಲ. ‘ಇದೇ, ಇದೇ!’

ಮಾತಿನ ಕ್ಯಾಸೆಟ್ ಕೊಳ್ಳಲು ಬರುವವರ ರೀತಿಯೇ ಬೇರೆ. ನಮ್ಮ ಕಡೆ ತಾಳಮದ್ದಳೆ ಕ್ಯಾಸೆಟ್ಟಿಗೆ ಒಳ್ಳೆ ಗಿರಾಕಿ ಇತ್ತು. ತಾಳಮದ್ದಳೆ ಅಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ತೊಂಬತ್ತು ನಿಮಿಷದ ಕ್ಯಾಸೆಟ್ಟು ಎರಡು, ಕೆಲವು ಸಲ ಮೂರು ಬೇಕಾಗುತ್ತಿದ್ದವು. ಅದನ್ನು ಕೇಳಿಕೊಂಡು ಬರುವವರು ಗುನುಗುತ್ತಿರಲಿಲ್ಲ. ‘ಶೇಣಿಯವರ ವಾಲಿ ಇದ್ಯಾ?’ ಅಂತ ನೇರ ಅರ್ಥಧಾರಿಯ, ಪಾತ್ರದ ಹೆಸರು ಹಿಡಿದೇ ಕೇಳುತ್ತಿದ್ದರು. ಯಾರು ಹೇಳಿದರು ಅಂತ ಅಪ್ಪ ವಿಚಾರಿಸಿದರೆ, ‘ನಮ್ಮ ಭಾವ ಹೇಳಿದ’, ‘ಸೊಸೈಟಿಯಲ್ಲಿ ಮಾತು ಬಂತು’. ಒಬ್ಬರಂತೂ ಚೀಟಿ ಬರೆಸಿಕೊಂಡು ಬಂದಿದ್ದರು. ‘ಎರಡನೇ ಕ್ಯಾಸೆಟ್, ಬಿ ಸೈಡ್, ಬಾಣ ಬಿದ್ದ ಮೇಲೆ ವಾಲಿ ರಾಮನನ್ನು ಕೇಳುವ ಜಾಗ.’ ಆ ಚೀಟಿಯನ್ನು ನಾನೇ ಓದಿ ಹೇಳಿದ್ದೆ. ಹದಿನೈದು ವರ್ಷದಲ್ಲಿ ಒಬ್ಬರೇ ಒಬ್ಬರು, ‘ದಾರಿಯಲ್ಲಿ ಹೋಗುವಾಗ ಕಿವಿಗೆ ಬಿತ್ತು’ ಅಂತ ತಾಳಮದ್ದಳೆ ಕೇಳಿಕೊಂಡು ಬಂದದ್ದು ನನಗೆ ನೆನಪಿಲ್ಲ.

ಇವತ್ತಿಗೂ ಸಂಗತಿ ಅದೇ. ಹಾಡು ಕಿವಿಗೆ ಬೀಳುತ್ತದೆ. ಮಾತನ್ನು ಯಾರಾದರೂ ತಂದು ಕೊಡಬೇಕು.

ಈಗ ಫೋನಿನ ಲೆಕ್ಕಕ್ಕೆ ಬರೋಣ. ಅಪ್ಪ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ. ಹಾಡು ಗುರುತಿಸುವ ಶಾಜಾಮ್ ಸೇವೆ 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದಾಗ 2580 ನಂಬರಿಗೆ ಫೋನ್ ಮಾಡಿ, ಹಾಡುತ್ತಿರುವ ಹಾಡಿಗೆ ಫೋನ್ ಹಿಡಿದರೆ ಅದರ ಹೆಸರು ಮೆಸೇಜಿನಲ್ಲಿ ಬರುತ್ತಿತ್ತು. 2020ರಿಂದ ಗೂಗಲ್‌ನಲ್ಲಿ ಬರೀ ಗುನುಗಿದರೂ ಹುಡುಕಿ ಕೊಡುತ್ತದೆ. ಹಾಡು ಕೇಳಿಸುವ ಆಪ್ ಸ್ಪಾಟಿಫೈ 2015ರಲ್ಲಿ ಪ್ರತಿ ಸೋಮವಾರ 30 ಹಾಡುಗಳ ಒಂದು ಪಟ್ಟಿ ಕೊಡಲು ಶುರು ಮಾಡಿತು. ಪ್ರತಿಯೊಬ್ಬರಿಗೂ ಬೇರೆ ಬೇರೆ ಪಟ್ಟಿ. ಅದರ ಹಿಂದಿನ ಯುಕ್ತಿ ಸರಳ. ನೀವು ಕೇಳಿದ ಹಾಡುಗಳನ್ನೇ ಕೇಳಿದ ಬೇರೆ ಸಾವಿರಾರು ಜನ ಇನ್ನೇನು ಕೇಳಿದ್ದಾರೆ ಅಂತ ನೋಡುವುದು, ಅದರಲ್ಲಿ ನೀವಿನ್ನೂ ಕೇಳದ್ದನ್ನು ನಿಮ್ಮ ಮುಂದೆ ಇಡುವುದು.

ಈ ಯುಕ್ತಿ ಪಾಡ್‌ಕಾಸ್ಟ್‌ಗೆ ಯಾಕೆ ಅಷ್ಟು ಒಗ್ಗುವುದಿಲ್ಲ? ಲೆಕ್ಕ ಹಾಕಿ ನೋಡಿ. ಒಂದು ಗಂಟೆಯಲ್ಲಿ ನೀವು ಹದಿನೈದು ಹಾಡು ಕೇಳುತ್ತೀರಿ. ಯಾವುದನ್ನು ಪೂರ್ತಿ ಕೇಳಿದಿರಿ, ಯಾವುದನ್ನು ದಾಟಿಸಿದಿರಿ, ಯಾವುದನ್ನು ಮತ್ತೆ ಹಾಕಿದಿರಿ ಅಂತ ಫೋನಿಗೆ ಹದಿನೈದು ಸುಳಿವು ಸಿಗುತ್ತವೆ. ಅದೇ ಒಂದು ಗಂಟೆಯಲ್ಲಿ ಪಾಡ್‌ಕಾಸ್ಟ್ ಕೇಳಿದ್ದು ಒಂದು. ಸಿಕ್ಕ ಸುಳಿವೂ ಒಂದೇ. ಅದನ್ನು ನಡುವೆ ನಿಲ್ಲಿಸಿದ್ದು ಬೇಜಾರಾಗಿಯೋ, ಗ್ಯಾಸ್ ಸಿಲಿಂಡರ್ ಬಂತೆಂದೋ, ಫೋನಿಗೆ ಹೇಗೆ ಗೊತ್ತಾಗಬೇಕು? ಅದರ ಮೇಲೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಕೇಳುವವರು ಕಮ್ಮಿ. ನಿಮ್ಮ ಹಾಗೆ ಕೇಳುವ ಸಾವಿರಾರು ಜನ ಸಿಗುವುದೇ ಕಷ್ಟ.

ಇನ್ನೊಂದು ಅಡ್ಡಿ ಇದೆ. ಹುಡುಕುವಾಗ ಆಪ್ ಹೆಚ್ಚಾಗಿ ನೋಡುವುದು ಶೀರ್ಷಿಕೆ ಮತ್ತು ಕೆಳಗಿನ ನಾಲ್ಕು ಸಾಲಿನ ವಿವರಣೆಯನ್ನು. ಒಳಗೆ ಏನು ಮಾತಾಡಿದ್ದಾರೆ ಅನ್ನುವುದು ಅದಕ್ಕೆ ಕತ್ತಲೆ. ಆಪಲ್‌ನವರು 2024ರಲ್ಲಿ ಇಡೀ ಮಾತನ್ನು ತಾನಾಗಿ ಅಕ್ಷರಕ್ಕಿಳಿಸುವ ಸೌಲಭ್ಯ ತಂದರು. ಶುರುವಾದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ಗೆ. ನಮ್ಮ ಭಾಷೆಯ ಒಂದು ಒಳ್ಳೆಯ ಗಂಟೆಯ ಮಾತು ಕೆಟ್ಟ ಶೀರ್ಷಿಕೆಯ ಹಿಂದೆ ಹಾಗೇ ಕೂತಿರುತ್ತದೆ. ಇದು ನನಗೆ ನಿಜವಾಗಿ ಸಂಕಟದ ವಿಷಯ.

ಹಾಗಾಗಿ ಮೇಷ್ಟ್ರೇ, ವಿಷಯದ ಮೇಲೆ ಹುಡುಕಬೇಡಿ, ಮನುಷ್ಯರ ಮೇಲೆ ಹುಡುಕಿ. ನೀವು ಇಷ್ಟಪಡುವ ಲೇಖಕರು, ನಟರು, ವಿಜ್ಞಾನಿಗಳ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಬರೆದು ಹುಡುಕಿ. ಅವರು ಅತಿಥಿಯಾಗಿ ಹೋದ ಕಡೆ ಕೇಳಿ. ಕೇಳುವಾಗ ಎದುರು ಕೂತು ಪ್ರಶ್ನೆ ಕೇಳುವವರ ದನಿ ಹಿಡಿಸಿತೋ, ಅವರ ಬೇರೆ ಸಂಚಿಕೆಗೆ ಹೋಗಿ. ಮೊದಲ ಸಂಚಿಕೆಯಿಂದ ಶುರು ಮಾಡಬೇಕು ಅಂತೇನಿಲ್ಲ. ಎಲ್ಲರೂ ಮೊದಲ ಐದಾರು ಸಂಚಿಕೆಯಲ್ಲಿ ತಡವರಿಸಿಯೇ ಇರುತ್ತಾರೆ. ಮತ್ತೆ, ನಿಮ್ಮ ಹಳೆ ವಿದ್ಯಾರ್ಥಿಗಳಿಗೆ ಒಂದು ಮೆಸೇಜು ಹಾಕಿ ಕೇಳಿ. ಮೇಷ್ಟ್ರು ಕೇಳಿದರು ಅಂದರೆ ಅವರು ಸುಮ್ನೆ ಲಿಂಕ್ ಕಳಿಸುವುದಿಲ್ಲ, ಯೋಚಿಸಿ ಕಳಿಸುತ್ತಾರೆ.

ಗದಗದಿಂದ ಗೃಹಿಣಿಯೊಬ್ಬರು: ಮುಂಜಾನೆ ರೊಟ್ಟಿ ಮಾಡುವಾಗ ಹಾಡು ಹಚ್ಚಿದರೆ ಕೆಲಸ ಸಲೀಸು. ಪಾಡ್‌ಕಾಸ್ಟ್ ಹಚ್ಚಿದರೆ, ಮಾತು ಕೇಳಾಕ ಹೋದ್ರ ರೊಟ್ಟಿ ಹರೀತಾವು, ರೊಟ್ಟಿ ನೋಡಿದ್ರ ಮಾತು ತಪ್ಪತೈತಿ. ನನ್ನ ತಲೆಯೇ ಇದಕ್ಕೆ ಒಗ್ಗುವುದಿಲ್ಲವೇನೋ ಅನ್ನಿಸುತ್ತದೆ.

ಅಕ್ಕಾ, ನಿಮ್ಮ ತಲೆ ಸರಿಯಾಗಿಯೇ ಇದೆ. ಕೆಲಸ ಮತ್ತು ಮಾತಿನ ಜೋಡಿ ತಪ್ಪಿದೆ, ಅಷ್ಟೇ.

ನಾನು ಮದುವೆಯಾಗಿ ಎರಡು ವರ್ಷ ಧಾರವಾಡದಲ್ಲಿದ್ದೆ. ಪಕ್ಕದ ಮನೆಯ ಕಾಕು ರೊಟ್ಟಿ ಬಡಿಯುವುದನ್ನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಅಂಗೈ ಬೀಳುವ ಸದ್ದಿಗೆ ಒಂದು ಲಯ ಇರುತ್ತದೆ. ರೊಟ್ಟಿ ತಿರುಗುತ್ತಾ ಅಗಲವಾಗುತ್ತಿದ್ದ ಹಾಗೆ ಆ ಲಯ ಹಗುರಾಗುತ್ತದೆ, ಅಂಚಿಗೆ ಬಂದಾಗ ಬೆರಳ ತುದಿ ಮಾತ್ರ. ಆಮೇಲೆ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರುವ ಗಳಿಗೆ. ಅಲ್ಲಿ ಕಣ್ಣು ತಪ್ಪಿದರೆ ಕೆಟ್ಟಿತು. ಇಂಥ ಕೆಲಸಕ್ಕೆ ಹಾಡು ಜೊತೆಯಾಗುತ್ತದೆ, ಯಾಕೆಂದರೆ ನಡುವೆ ಒಂದು ಸಾಲು ಕೇಳಿಸದಿದ್ದರೂ ಹಾಡು ಹಾಡಾಗಿಯೇ ಉಳಿಯುತ್ತದೆ. ಅದು ನಿಮಗೆ ಮೊದಲೇ ಗೊತ್ತಿರುತ್ತದೆ ಕೂಡ. ಮಾತಿನಲ್ಲಿ ಹಾಗಲ್ಲ. ಒಂದು ವಾಕ್ಯ ತಪ್ಪಿದರೆ ಮುಂದಿನ ಐದು ವಾಕ್ಯ ಅರ್ಥವಾಗುವುದಿಲ್ಲ. ಬಡಿಯುವ ಸದ್ದೇ ಅರ್ಧ ಮಾತನ್ನು ನುಂಗುತ್ತದೆ.

ರೊಟ್ಟಿಗೆ ಹಾಡೇ ಇರಲಿ. ಮಾತಿಗೆ ಬೇರೆ ಹೊತ್ತು ಕೊಡಿ. ಅಕ್ಕಿ ಆರಿಸುವಾಗ, ಅವರೆಕಾಯಿ ಬಿಡಿಸುವಾಗ, ಬಟ್ಟೆ ಮಡಚುವಾಗ ಕೇಳಿ. ಸದ್ದಿಲ್ಲದ, ಕೈಗೆ ತಾನೇ ಗೊತ್ತಿರುವ ಕೆಲಸಗಳು ಇವು. ಹಿಂದೆ ಇಂಥ ಕೆಲಸಕ್ಕೆ ನಾಲ್ಕು ಹೆಂಗಸರು ಸೇರಿ ಕಟ್ಟೆಯ ಮೇಲೆ ಕೂತು ಮಾತಾಡುತ್ತಲೇ ಮಾಡುತ್ತಿದ್ದರಲ್ವಾ? ಮಾತು ಕೇಳುವುದಕ್ಕೆ ಅದೇ ಸರಿಯಾದ ಹೊತ್ತು. ತಪ್ಪಿದರೆ ಹಿಂದೆ ಹೋಗುವ ಗುಂಡಿ ಇದೆ, ಬಾಣ ಹಿಂದೆ ತಿರುಗಿದ ಹಾಗಿರುತ್ತದೆ. ಹೆಚ್ಚಿನ ಆಪ್‌ಗಳಲ್ಲಿ ಒತ್ತಿದರೆ 10 ಅಥವಾ 15 ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. ನಾನು ಒಂದು ಸಂಚಿಕೆಗೆ ಹತ್ತು ಸಲ ಒತ್ತುತ್ತೇನೆ.

ಮುಗಿಸಲಿಲ್ಲ ಅಂತ ಬೇಸರ ಪಟ್ಟುಕೊಳ್ಳಬೇಡಿ ಅಂತಲೂ ಹೇಳಬೇಕು. ಅರ್ಧಕ್ಕೆ ಬಿಟ್ಟದ್ದು ಅಲ್ಲೇ ಕಾದಿರುತ್ತದೆ.

ಕಲಬುರಗಿಯಿಂದ ಟ್ಯಾಕ್ಸಿ ಓಡಿಸುವ ಓದುಗರು: ಡೇಟಾ ಎಷ್ಟು ತಿನ್ನುತ್ತದೆ? ಮಧ್ಯಾಹ್ನಕ್ಕೇ ದಿನದ ಪ್ಯಾಕ್ ಖಾಲಿ ಆಗುತ್ತಿದೆ.

ಬರೀ ಆಡಿಯೊ ಆದರೆ ಅಷ್ಟು ತಿನ್ನುವುದಿಲ್ಲ. 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಗುಣಮಟ್ಟದ ಒಂದು ಗಂಟೆಯ ಪಾಡ್‌ಕಾಸ್ಟ್‌ಗೆ ಸುಮಾರು 58 ಎಂಬಿ. ಮಾತಿಗೆ 64 ಸಾಕಾಗುತ್ತದೆ, ಆಗ ಸುಮಾರು 29 ಎಂಬಿ. ನಿಮ್ಮ ಪ್ಯಾಕ್ ಮಧ್ಯಾಹ್ನಕ್ಕೇ ಮುಗಿಯುತ್ತಿದೆ ಅಂದರೆ ನೀವು ವಿಡಿಯೊ ಹಾಕಿ ಫೋನನ್ನು ಮಗುಚಿ ಇಟ್ಟು ಕೇಳುತ್ತಿದ್ದೀರಿ ಅಂತ ಕಾಣುತ್ತದೆ. ಕಣ್ಣು ನೋಡದಿದ್ದರೂ ಚಿತ್ರ ಬರುತ್ತಲೇ ಇರುತ್ತದೆ, ಅದಕ್ಕೆ ಹಲವು ಪಟ್ಟು ಡೇಟಾ ಹೋಗುತ್ತದೆ. ರಾತ್ರಿ ಮನೆಯ ವೈಫೈಯಲ್ಲಿ ನಾಳೆಯ ಎರಡು ಸಂಚಿಕೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಆಂಟೆನಾಪಾಡ್ ಅಂತ ಒಂದು ಆಪ್ ಇದೆ. ಉಚಿತ, ಆಪ್‌ನದ್ದೇ ಜಾಹೀರಾತು ಇಲ್ಲ, ಡೌನ್‌ಲೋಡ್ ಸಲೀಸು. ಸಿಗ್ನಲ್ ಇಲ್ಲದ ದಾರಿಯಲ್ಲೂ ಮಾತು ತುಂಡಾಗುವುದಿಲ್ಲ.

ಮಂಗಳೂರಿನಿಂದ ಎಂಜಿನಿಯರಿಂಗ್ ವಿದ್ಯಾರ್ಥಿನಿ: ನಾನು ಎಲ್ಲ ಪಾಡ್‌ಕಾಸ್ಟ್‌ಗಳನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತೇನೆ. ಅಣ್ಣ ಬೈಯುತ್ತಾನೆ. ಹಾಡನ್ನು ಯಾರಾದರೂ ಹಾಗೆ ಕೇಳುತ್ತಾರಾ ಅನ್ನುತ್ತಾನೆ. ಯಾರು ಸರಿ?

ಅಣ್ಣ ಅರ್ಧ ಸರಿ, ನೀನೂ ಅರ್ಧ ಸರಿ ಮಗಳೇ.

ಹಾಡಿನಲ್ಲಿ ವೇಗವೂ ಹಾಡಿನ ಭಾಗ. ಅದನ್ನು ಬದಲಿಸಿದರೆ ಅದು ಬೇರೆಯೇ ಹಾಡು. ಮಾಹಿತಿಯ ಮಾತಿನಲ್ಲಿ ಹಾಗಿಲ್ಲ. ಷೇರು ಪೇಟೆಯ ಸುದ್ದಿ, ಪರೀಕ್ಷೆಯ ತಯಾರಿ, ಹೊಸ ಫೋನಿನ ವಿಮರ್ಶೆಯನ್ನು 1.25ರಲ್ಲಿ ಕೇಳಿದರೆ ಏನೂ ಕಳೆದುಹೋಗುವುದಿಲ್ಲ. ನಾನೂ ಕೇಳುತ್ತೇನೆ.

ಆದರೆ ಒಬ್ಬ ಮನುಷ್ಯ ತನ್ನ ಬದುಕನ್ನು ಹೇಳಿಕೊಳ್ಳುತ್ತಿರುವಾಗ ವೇಗ ಹೆಚ್ಚಿಸಬೇಡ. ನಾನು ಹನ್ನೊಂದು ವರ್ಷದಿಂದ ಧ್ವನಿ ಸಂಕಲನ ಮಾಡುತ್ತಿದ್ದೇನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಬರುವ ಮೌನವನ್ನು ಎಷ್ಟು ಉಳಿಸಬೇಕು ಅಂತ ಕೂತು ಯೋಚಿಸುತ್ತೇನೆ. ಒಮ್ಮೆ ಒಬ್ಬ ವಯಸ್ಸಾದ ನೇಕಾರರ ಮಾತನ್ನು ಸಂಕಲನ ಮಾಡುತ್ತಿದ್ದೆ. ‘ಕೊನೆಯ ಮಗ್ಗ ಮಾರಿದ್ದು ಯಾವಾಗ?’ ಎಂಬ ಪ್ರಶ್ನೆಗೆ ಅವರು ನಾಲ್ಕು ಸೆಕೆಂಡ್ ಸುಮ್ಮನಿದ್ದರು. ಹಿಂದೆ ಯಾರೋ ಪಾತ್ರೆ ಇಟ್ಟ ಸದ್ದು. ಆಮೇಲೆ ಇಸವಿ ಹೇಳಿದರು. ಆ ನಾಲ್ಕು ಸೆಕೆಂಡನ್ನು ನಾನು ಮುಟ್ಟಲಿಲ್ಲ. ಕೆಲವು ಆಪ್‌ಗಳಲ್ಲಿ ಮೌನವನ್ನೇ ಕತ್ತರಿಸಿ ಹಾಕುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿಟ್ಟರೆ ಅವರು ಇಸವಿಯನ್ನು ಪಟ್ಟನೆ ಹೇಳಿದ ಹಾಗೆ ಕೇಳಿಸುತ್ತದೆ. ಆ ಸೆಟ್ಟಿಂಗ್ ದಯವಿಟ್ಟು ಆಫ್ ಮಾಡು.

ದಾವಣಗೆರೆಯಿಂದ ಇಬ್ಬರು ಗೆಳೆಯರು: ನಾವು ಒಂದು ಕನ್ನಡ ಪಾಡ್‌ಕಾಸ್ಟ್ ಶುರು ಮಾಡಿ 14 ಸಂಚಿಕೆ ಹಾಕಿದ್ದೇವೆ. ಕೇಳುವವರು ಮನೆಯವರು ಮಾತ್ರ. ನಮ್ಮದೇ ಗೆಳೆಯನೊಬ್ಬ ಹಾಡು ಹಾಡಿ ರೀಲ್ಸ್ ಹಾಕಿದರೆ ಒಂದೇ ರಾತ್ರಿಯಲ್ಲಿ ಊರೆಲ್ಲ ನೋಡುತ್ತದೆ. ನಾವು ಬಿಟ್ಟುಬಿಡಬೇಕಾ?

ಬಿಡಬೇಡಿ. ನಿಮ್ಮ ಪಟ್ಟಿ ಕಳಿಸಿದ್ದಿರಲ್ಲ, ಪೂರ್ತಿ ನೋಡಿದೆ, ಮೂರು ಸಂಚಿಕೆ ಕೇಳಿದೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಲ್ಲಿನ ಮುಂದೆ ನಿಂತು ಕೆಲಸ ಮಾಡುವವರ ಜೊತೆಗಿನ ಮಾತು ಬಹಳ ಚೆನ್ನಾಗಿದೆ. ಆದರೆ ಅದಕ್ಕೆ ನೀವು ಇಟ್ಟ ಹೆಸರು ‘ಸಂಚಿಕೆ 9: ಹೀಗೊಂದು ಹರಟೆ’. ಅದರೊಳಗೆ ದೋಸೆ ಇದೆ ಅಂತ ದಾವಣಗೆರೆಯವರಿಗೂ ಗೊತ್ತಾಗುವುದಿಲ್ಲವಲ್ಲ!

ನಾನು ಕಲಿತದ್ದೂ ಇಂಥದ್ದೇ ಏಟು ತಿಂದು. ನಮ್ಮ ಊರ ಕಡೆಯ ಕೆಲವರು ಸೇರಿ ಒಂದು ಸರಣಿ ಮಾಡಿದರು, ಸಂಕಲನ ನನ್ನದು. ಒಂದು ಸಂಚಿಕೆಗೆ ಬಂದವರು ಒಬ್ಬ ಕೊನೆಗೌಡ. ಅಂದರೆ ಅಡಿಕೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಕೊಯ್ಯುವವರು. ಒಂದು ಮರದ ತುದಿಯಲ್ಲಿ ಕೂತು, ಅದನ್ನು ಬಾಗಿಸಿ, ನೆಲಕ್ಕೆ ಇಳಿಯದೆ ಪಕ್ಕದ ಮರ ಹಿಡಿಯುವುದು ಹೇಗೆ ಅಂತ ಹೇಳಿದ್ದರು. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸುವ ಹದ ಹೇಳಿದ್ದರು. ನೂರು ಲೀಟರ್ ನೀರಿಗೆ ಒಂದು ಕೇಜಿ ಅದು, ಒಂದು ಕೇಜಿ ಇದು. ಮಳೆಯ ಯಾವ ಬಿಡುವಿನಲ್ಲಿ ಹೊಡೆದರೆ ಅದು ಗೊಂಚಲಿಗೆ ಅಂಟಿ ಕೂರುತ್ತದೆ ಅನ್ನುವುದನ್ನೂ ಹೇಳಿದ್ದರು. ಚಿನ್ನದಂಥ ಮಾತು. ಹೆಸರು ಮಾತ್ರ ‘ಮರದ ಮೇಲಿನ ಬದುಕು’. ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ. ಮಳೆಗಾಲ ಬಂದಾಗ ಹೆಸರನ್ನು ‘ಅಡಿಕೆ ಕೊಳೆ ರೋಗ: ಔಷಧಿ ಯಾವಾಗ ಹೊಡೆಯಬೇಕು? ಕೊನೆಗೌಡರ ಅನುಭವ’ ಅಂತ ಬದಲಿಸಿದೆವು. ಅಷ್ಟರಲ್ಲೇ ಯಾರೋ ಒಬ್ಬ ಪುಣ್ಯಾತ್ಮರು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿ, ‘ಹನ್ನೆರಡನೇ ನಿಮಿಷದಿಂದ ಕೇಳಿ’ ಅಂತ ಬರೆದರು. ಅಲ್ಲಿಂದ ಶುರುವಾಯಿತು ನೋಡಿ. ಸಾಗರ, ಸಿದ್ದಾಪುರ, ಕೊಪ್ಪದಿಂದ ಫೋನ್. ಆ ‘ಹನ್ನೆರಡನೇ ನಿಮಿಷ’ ಓದಿದಾಗ ನನಗೆ ನಮ್ಮ ಅಂಗಡಿಗೆ ಬಂದ ಚೀಟಿಯ ‘ಬಿ ಸೈಡ್’ ನೆನಪಾಯಿತು.

ನಿಮ್ಮ ಗೆಳೆಯನ ರೀಲ್ಸಿಗೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಕೇಳಿದ ಲೆಕ್ಕ. ಒಂದು ಗಂಟೆಯ ನಿಮ್ಮ ಸಂಚಿಕೆಯನ್ನು ಒಬ್ಬರು ಪೂರ್ತಿ ಕೇಳಿದರೆ ಅದು ಅಂಥ 120 ಅರ್ಧ ನಿಮಿಷಗಳ ಹೊತ್ತು. ಇಷ್ಟು ಹೊತ್ತನ್ನು ಗುರುತಿಲ್ಲದ ಮನುಷ್ಯ ನಿಮಗೆ ಕೊಡಬೇಕಾದರೆ ಮೊದಲ ನಿಮಿಷದಲ್ಲೇ ಅವರಿಗೆ ಏನಾದರೂ ಸಿಗಬೇಕು. ನಿಮ್ಮಲ್ಲಿ ಮೊದಲ ಮೂರು ನಿಮಿಷ ‘ನಮಸ್ಕಾರ, ಸ್ವಾಗತ, ಲೈಕ್ ಮಾಡಿ, ಶೇರ್ ಮಾಡಿ’ಯಲ್ಲೇ ಹೋಗುತ್ತಿದೆ. ಅದನ್ನು ತೆಗೆಯಿರಿ. ದೋಸೆ ಕಲ್ಲಿಗೆ ನೀರು ಚಿಮುಕಿಸಿದಾಗ ಚುಂಯ್ ಅನ್ನುವ ಸದ್ದು ನಿಮ್ಮ ಧ್ವನಿಮುದ್ರಣದಲ್ಲಿ 22ನೇ ನಿಮಿಷಕ್ಕೆ ಬರುತ್ತದೆ. ಅದರಿಂದಲೇ ಶುರು ಮಾಡಿ.

ಶೀರ್ಷಿಕೆಯಲ್ಲಿ ಊರಿನ ಹೆಸರು, ಕಸುಬಿನ ಹೆಸರು ಇರಲಿ. ವಿವರಣೆಯನ್ನು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಯಾಕೆಂದರೆ ನಮ್ಮವರು ಎರಡರಲ್ಲೂ ಹುಡುಕುತ್ತಾರೆ. ಪ್ರತಿ ಸಂಚಿಕೆ ಹಾಕಿದ ದಿನ ನೂರು ಗುಂಪಿಗೆ ಲಿಂಕ್ ತಳ್ಳುವ ಬದಲು ಐದು ಜನರಿಗೆ ಬೇರೆ ಬೇರೆ ಬರೆಯಿರಿ. ‘ಅಣ್ಣಾ, ನಿಮ್ಮ ಹೋಟೆಲಿನ ಹಳೆ ಕಾಲದ ಮಾತು 31ನೇ ನಿಮಿಷಕ್ಕೆ ಬರುತ್ತದೆ’ ಅಂತ. ಅತಿಥಿಗೆ ಕಳಿಸುವುದನ್ನು ಮಾತ್ರ ಮರೆಯಬೇಡಿ. ಅವರ ಮನೆಯವರು, ನೆಂಟರು ಕೇಳಿದರೇ ಒಂದು ಊರಾಯಿತು.

ಮತ್ತೊಂದು ಮುಖ್ಯ ವಿಷಯ. ನಾಲ್ಕನೇ ಸಂಚಿಕೆಯಲ್ಲಿ ಸಿನಿಮಾ ಹಾಡಿನ ತುಣುಕು ಹಾಕಿದ್ದೀರಿ. ತೆಗೆದುಬಿಡಿ. ಹದಿನೈದು ಸೆಕೆಂಡ್ ಹಾಕಿದರೆ ಪರವಾಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕಾನೂನಿನಲ್ಲಿ ಅಂಥ ವಿನಾಯಿತಿ ಇಲ್ಲ. ಹಾಡಿನ ಧ್ವನಿಮುದ್ರಣಕ್ಕೆ ಒಂದು ಹಕ್ಕು, ಸಾಹಿತ್ಯ ಮತ್ತು ರಾಗ ಸಂಯೋಜನೆಗೆ ಬೇರೆ ಹಕ್ಕು. ಎರಡಕ್ಕೂ ಅನುಮತಿ ಬೇಕು.

ನಿಮ್ಮ ಪತ್ರದ ಕೊನೆಯಲ್ಲಿ ‘ದೊಡ್ಡ ಕಂಪನಿ ಕೈಹಿಡಿಯದೆ ಇದು ಸಾಧ್ಯವಾ’ ಎಂದು ಕೇಳಿದ್ದೀರಿ. ಪಾಡ್‌ಕಾಸ್ಟ್ ಹುಟ್ಟಿದ್ದೇ ಕಂಪನಿಯ ಹಂಗಿಲ್ಲದೆ. 2000ದ ಕೊನೆಯಲ್ಲಿ ಡೇವ್ ವೈನರ್ ಎಂಬ ಅಮೆರಿಕದ ತಂತ್ರಜ್ಞರು, ಸುದ್ದಿಯ ಸಾಲು ಕಳಿಸುವ ಫೀಡ್‌ಗೆ ಧ್ವನಿಯ ಫೈಲನ್ನೂ ಸಿಕ್ಕಿಸಬಹುದು ಅಂತ ದಾರಿ ಮಾಡಿಕೊಟ್ಟರು. 2004ರಲ್ಲಿ ಬ್ರಿಟನ್ನಿನ ಪತ್ರಕರ್ತ ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ ‘ಪಾಡ್‌ಕಾಸ್ಟಿಂಗ್’ ಎಂಬ ಪದ ಬಂತು. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ಗೆ ಸೇರಿಸಿದ ಮೇಲೆ ಎಲ್ಲರಿಗೂ ತಿಳಿಯಿತು. ಇವತ್ತಿಗೂ ನಿಮ್ಮ ಫೀಡ್ ನಿಮ್ಮದೇ. ಒಂದು ಕಡೆ ಇಟ್ಟರೆ ಹತ್ತು ಆಪ್‌ಗಳು ಬಂದು ಎತ್ತಿಕೊಳ್ಳುತ್ತವೆ. ಗೂಗಲ್ ತನ್ನ ಪಾಡ್‌ಕಾಸ್ಟ್ ಆಪನ್ನು 2024ರಲ್ಲಿ ಮುಚ್ಚಿದಾಗಲೂ ಯಾರ ಸಂಚಿಕೆಯೂ ಅಳಿಸಿಹೋಗಲಿಲ್ಲ. ಕನ್ನಡದಲ್ಲೂ ‘ತಲೆ-ಹರಟೆ’ಯಂಥ ಪಾಡ್‌ಕಾಸ್ಟ್ 2019ರಲ್ಲೇ ಶುರುವಾಗಿ, ಒಂದು ವಿಷಯ ಹಿಡಿದು ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡಬಹುದು ಅಂತ ತೋರಿಸಿದೆ. ದಾರಿ ಇದೆ, ನಡೆಯಿರಿ.

ಬಳ್ಳಾರಿಯಿಂದ ಓದುಗರು: ಈಗ ಎಲ್ಲರೂ ಯೂಟ್ಯೂಬಿನಲ್ಲಿ ಮೈಕ್ ಮುಂದೆ ಕೂತು ಪಾಡ್‌ಕಾಸ್ಟ್ ಅನ್ನುತ್ತಾರೆ. ವಿಡಿಯೊ ಇದ್ದರೆ ಅದು ಪಾಡ್‌ಕಾಸ್ಟ್ ಹೇಗಾಗುತ್ತದೆ?

ಹೆಸರಿನ ಜಗಳ ನನಗೆ ಮುಖ್ಯ ಅನ್ನಿಸುವುದಿಲ್ಲ. ತಿಂಗಳಿಗೆ 100 ಕೋಟಿ ಜನ ತಮ್ಮಲ್ಲಿ ಪಾಡ್‌ಕಾಸ್ಟ್ ನೋಡುತ್ತಾರೆ, ಕೇಳುತ್ತಾರೆ ಅಂತ ಯೂಟ್ಯೂಬ್ 2025ರಲ್ಲಿ ಹೇಳಿತು. ನಮ್ಮಲ್ಲಿ ಬಹಳ ಜನರಿಗೆ ಪಾಡ್‌ಕಾಸ್ಟ್ ಮೊದಲು ಸಿಕ್ಕಿದ್ದೇ ಅಲ್ಲಿ. ಮುಖ ನೋಡಿದ ಮೇಲೆ ದನಿಯ ಮೇಲೆ ನಂಬಿಕೆ ಬರುವುದು ಸಹಜ. ನಾನು ನೋಡುವ ಪರೀಕ್ಷೆ ಒಂದೇ. ಫೋನನ್ನು ಜೇಬಿಗೆ ಹಾಕಿಕೊಂಡು ನಡೆಯುವಾಗಲೂ ಮಾತು ಅರ್ಥವಾಗಬೇಕು. ‘ಇಲ್ಲಿ ನೋಡಿ, ಈ ಚಿತ್ರದಲ್ಲಿ’ ಅಂತ ಹತ್ತು ಸಲ ಅಂದರೆ ಅದು ಕೇಳಲು ಮಾಡಿದ್ದಲ್ಲ.

ಪುಣೆಯಿಂದ ಓದುಗರು: ಅಪ್ಪ ತೀರ್ಥಹಳ್ಳಿಯ ಹತ್ತಿರ ಹಳ್ಳಿಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಓದಲು ಆಗುವುದಿಲ್ಲ. ದಿನವಿಡೀ ರೇಡಿಯೊ. ಪಾಡ್‌ಕಾಸ್ಟ್ ಹಾಕಿಕೊಟ್ಟರೆ ಎರಡು ದಿನ ಕೇಳಿ ಮತ್ತೆ ರೇಡಿಯೊಗೇ ಹೋದರು. ಅವರಿಗೆ ಇಷ್ಟವಾಗಲಿಲ್ಲ ಅಂದುಕೊಳ್ಳಲಾ?

ಹಾಗೆ ಅಂದುಕೊಳ್ಳಬೇಡಿ ತಂಗಿ. ರೇಡಿಯೊದಲ್ಲಿ ಅವರಿಗೆ ಎರಡು ಅನುಕೂಲ ಇವೆ. ಯಾವುದು ಕೇಳಬೇಕು ಅಂತ ಬೇರೆ ಯಾರೋ ಆರಿಸಿ ಕೊಡುತ್ತಾರೆ. ಬೆಳಿಗ್ಗೆ ಚಿಂತನ, ಆಮೇಲೆ ಪ್ರದೇಶ ಸಮಾಚಾರ, ಸಂಜೆ ಕೃಷಿರಂಗ ಅಂತ ಎಲ್ಲಕ್ಕೂ ಹೊತ್ತು ಗೊತ್ತು. ಆ ಹೊತ್ತಿಗೆ ಅವರ ದಿನ ಹೊಂದಿಕೊಂಡಿದೆ. ಕಾಫಿ ಆದ ಮೇಲೆ ಯಾವ ದನಿ ಬರುತ್ತದೆ ಅಂತ ಕಿವಿಗೆ ಗೊತ್ತು. ಪಾಡ್‌ಕಾಸ್ಟ್‌ಗೆ ಹೊತ್ತಿಲ್ಲ. ಆರಿಸಲು ಕಣ್ಣು ಬೇಕು, ಬೆರಳು ಬೇಕು. ಕಣ್ಣು ಮಂಜಾದವರ ಕೈಗೆ ಅದನ್ನು ಕೊಟ್ಟು, ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅಂದ ಹಾಗಾಯಿತು.

ಆರಿಸುವ ಕೆಲಸ ನೀವು ಮಾಡಿ. ನಮ್ಮ ಅಪ್ಪನಿಗೆ ಈಗ ಎಂಬತ್ತೊಂದು. ನಾನು ಮಾಡಿದ್ದು ಹೀಗೆ. ದೊಡ್ಡ ಗುಂಡಿ ಇರುವ ಒಂದು ಬ್ಲೂಟೂತ್ ಸ್ಪೀಕರ್ ತಂದು ಅವರ ಮಂಚದ ಪಕ್ಕ ಇಟ್ಟೆ. ಹಳೆ ಫೋನೊಂದನ್ನು ಚಾರ್ಜಿಗೆ ಹಾಕಿ ಅದಕ್ಕೆ ಶಾಶ್ವತವಾಗಿ ಜೋಡಿಸಿದೆ. ಭಾನುವಾರ ಅಣ್ಣನ ಮಗ ಬಂದಾಗ ನಾನು ಹೇಳಿದ ನಾಲ್ಕೇ ನಾಲ್ಕು ಸಂಚಿಕೆ ಡೌನ್‌ಲೋಡ್ ಮಾಡಿ ಸಾಲಾಗಿ ಇಡುತ್ತಾನೆ. ಅಪ್ಪ ಗುಂಡಿ ಒತ್ತಿದರೆ ನಿಂತಲ್ಲಿಂದ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಬೇರೇನೂ ಇಲ್ಲ. ಹೊತ್ತನ್ನೂ ಗೊತ್ತು ಮಾಡಿದೆವು. ಮಧ್ಯಾಹ್ನ ಊಟ ಆಗಿ ಅವರ ರೇಡಿಯೊದಲ್ಲಿ ಇಷ್ಟದ್ದು ಇಲ್ಲದ ಹೊತ್ತು. ರೇಡಿಯೊ ಅಲ್ಲೇ ಇದೆ, ಅದನ್ನು ತೆಗೆಯಬೇಡಿ.

ಸಂಚಿಕೆ ಆರಿಸುವಾಗ ಅವರಿಗೆ ಒಳ್ಳೆಯದಾಗಲಿ ಅಂತ ಆರೋಗ್ಯದ್ದು, ಅಧ್ಯಾತ್ಮದ್ದು ಮಾತ್ರ ತುಂಬಬೇಡಿ. ಅವರು ಜಗಳ ಆಡಬಹುದಾದಂಥ ವಿಷಯ ಹಾಕಿ. ಅವರಿಗೇ ಚೆನ್ನಾಗಿ ಗೊತ್ತಿರುವ ತೋಟ, ಯಕ್ಷಗಾನ, ಹಳೆ ಚುನಾವಣೆಯ ಕತೆಗಳನ್ನು ಹಾಕಿ. ಕೊನೆಗೌಡರ ಆ ಸಂಚಿಕೆ ಕೇಳಿ ನಮ್ಮ ಅಪ್ಪ, ‘ಸುಣ್ಣವನ್ನು ಮೊದಲು ಬೇರೆ ಕರಗಿಸಬೇಕು ಅಂತ ಅವ ಸರಿಯಾಗಿ ಹೇಳಲೇ ಇಲ್ಲ’ ಅಂತ ಅರ್ಧ ಗಂಟೆ ಫೋನಿನಲ್ಲಿ ಹೇಳಿದರು.

ಆ ಫೋನು ಬಹಳ ಮುಖ್ಯ. ವಾರಕ್ಕೊಮ್ಮೆ, ಅವರು ಕೇಳಿದ್ದನ್ನೇ ನೀವೂ ಕೇಳಿ, ಅದರ ಬಗ್ಗೆ ಮಾತಾಡಿ. ಈ ವಾರಕ್ಕೆ ಒಂದೇ ಒಂದು ಹಾಕಿಕೊಡಿ. ಯಾವುದು ಹಾಕಿದಿರಿ, ಅಪ್ಪ ಏನಂದರು, ನನಗೆ ಬರೆಯಿರಿ.